ಕತ್ತಲಾದ ಮೇಲೆ ಹುಟ್ಟಿದವನು

ಜೋಹಾನ್ಸ್‌ಬರ್ಗಿನ ನಮ್ಮ ಕಡೆಯ ಬಡಾವಣೆಗಳಲ್ಲಿ ಕಾರು ಓಡಿಸುವ ಅರ್ಧ ಜನಕ್ಕೆ ಮಿನ್ನಾ ಟ್ರಾಕ್‌ಮನ್ ಬೈದಿದ್ದಾಳೆ. ಉಳಿದರ್ಧಕ್ಕೆ ಬೈಯುವ ಅವಕಾಶ ಇನ್ನೂ ಸಿಕ್ಕಿಲ್ಲ, ಅಷ್ಟೆ. ಅವಳ ಕಸುಬೇ ಅದು: ಡ್ರೈವಿಂಗ್ ಕಲಿಸುವುದು. ತಲೆಯ ಮೇಲೆ ಕೆಂಪು ಎಲ್ ಬೋರ್ಡು ಹೊತ್ತ ಪುಟ್ಟ ಬಿಳಿ ಕಾರು, ಸ್ಟಿಯರಿಂಗ್ ಹಿಡಿದು ಬೆವರುವ ಯಾರೋ ಒಬ್ಬರು, ಪಕ್ಕದ ಸೀಟಿನಲ್ಲಿ ಇವಳು, ಇವಳ ಕಾಲಡಿಯಲ್ಲಿ ಇವಳದೇ ಒಂದು ಬ್ರೇಕು. ಓಡಿಸುವವರು ಯಾರಾದರೂ ಆಗಲಿ, ನಿಲ್ಲಿಸುವ ಹಕ್ಕು ತನ್ನದು ಎಂಬ ಈ ಏರ್ಪಾಡು ಅವಳಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಸಿನಿಮಾದಲ್ಲಾಗಲಿ ಹಲ್ಲಿನ ಡಾಕ್ಟರ ಕುರ್ಚಿಯಲ್ಲಾಗಲಿ ಕೂತಾಗಲೂ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

ಆ ಬ್ರೇಕು ಹಿಡಿಯದ ಜಾಗ ಊರಿನಲ್ಲಿ ಒಂದೇ ಇತ್ತು. ಅದು ಅತ್ತೆ ಫ್ರೇಡಾಳ ಊಟದ ಮೇಜು.

ಮಿನ್ನಾ ಬೆಳೆದದ್ದು ಫ್ರೀ ಸ್ಟೇಟ್ ಪ್ರಾಂತ್ಯದ ಒಂದು ಧೂಳೂರಿನಲ್ಲಿ. ಅಲ್ಲಿದ್ದ ಯಹೂದಿಗಳೆಲ್ಲ ಒಬ್ಬೊಬ್ಬರಾಗಿ ಪಟ್ಟಣ ಸೇರಿದ ಮೇಲೂ ಅವಳಪ್ಪ ಕಂಬಳಿ ಅಂಗಡಿ ಇಟ್ಟುಕೊಂಡು ಕೂತಿದ್ದ. ಕಂಬಳಿ ಸಾಗಿಸುವ ಲಾರಿಯಲ್ಲಿ ದಿಂಬಿನ ಮೇಲೆ ಕೂತು ಅವಳು ಗೇರು ಬದಲಿಸಲು ಕಲಿತದ್ದು ಪ್ರಾಥಮಿಕ ಶಾಲೆಗೆ ಹೋಗುವಾಗಲೇ. ಮದುವೆಯಾಗಿ ಜೋಹಾನ್ಸ್‌ಬರ್ಗಿಗೆ ಬಂದಾಗ ಅತ್ತೆ ಮನೆಯವರು ಅವಳನ್ನು 'ನಮ್ಮ ಹಳ್ಳಿ ಹುಡುಗಿ' ಎಂದು ಪರಿಚಯಿಸಿದರು. ಈಗ ಅವಳಿಗೆ ಐವತ್ತು ಹತ್ತಿರ. ಆದರೂ ಅದೇ ಪರಿಚಯ. ಗಂಡ ಸೆಲ್ವಿನ್ ಔಷಧಿ ಅಂಗಡಿ ಇಟ್ಟವನು, ಸಾಧು. ಪ್ರಾಣಿಗಳಲ್ಲಾದರೆ ಅದು ಒಳ್ಳೆಯ ಗುಣ.

ಮಗ ದೋವ್‌ಗೆ ಹದಿಮೂರು ತುಂಬುವುದರಲ್ಲಿತ್ತು. ಹದಿಮೂರು ತುಂಬಿದ ಮೇಲೆ ಬರುವ ಸಬ್ಬತ್ ದಿನ, ಅಂದರೆ ಶನಿವಾರ ಬೆಳಿಗ್ಗೆ, ಹುಡುಗ ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಎಲ್ಲರೆದುರು ಧರ್ಮಗ್ರಂಥ ತೋರಾ ಓದಿ ಗಂಡಸರ ಲೆಕ್ಕಕ್ಕೆ ಸೇರುತ್ತಾನೆ. ಅದು ಬಾರ್ ಮಿಟ್ಸ್ವಾ. ಅವತ್ತು ರಾತ್ರಿ ಪಾರ್ಟಿ. ಓದುವುದಕ್ಕೆ ಹುಡುಗನೊಬ್ಬನೇ ತಯಾರಾಗುತ್ತಾನೆ. ಪಾರ್ಟಿಗೆ ಇಡೀ ವಂಶ ತಯಾರಾಗುತ್ತದೆ.

ಎರಡು ವರ್ಷದಿಂದ ಫ್ರೇಡಾಳ ಮೇಜಿನ ಸುತ್ತ ಭಾನುವಾರಗಳು ಇದರಲ್ಲೇ ಕಳೆದಿದ್ದವು. ಬಾರ್ ಮಿಟ್ಸ್ವಾಕ್ಕೆ ಬರುವವರಿಗಿಂತ ಬಾರದವರ ಚರ್ಚೆ ಹೆಚ್ಚು. ಬಾರದೆ ಯಾರು ಕೊಂಕು ತೆಗೆಯುತ್ತಾರೆ, ಬಂದೂ ಯಾರು ಕೊಂಕು ತೆಗೆಯುತ್ತಾರೆ, ಯಾರನ್ನು ಯಾರ ಪಕ್ಕ ಕೂರಿಸಿದರೆ ಪೊಲೀಸರು ಬರಬೇಕಾಗುತ್ತದೆ. ಕುಸ್ತಿ ಮಾಡಿ ಹಾಲ್ ಬುಕ್ ಮಾಡಿದ್ದಾಯಿತು. ಊಟದಲ್ಲಿ ಮಾಂಸವಿದ್ದ ಮೇಲೆ ಹಾಲು ಸೇರುವ ಹಾಗಿಲ್ಲ, ನಮ್ಮ ಅಡುಗೆಮನೆಯ ಮೊದಲ ಕಾನೂನು. ಹೀಗಾಗಿ ಹಾಲ್ ಸಿಕ್ಕರೂ ಐಸ್‌ಕ್ರೀಮಿಗೆ ಹಾಲು ಸಿಗದೆ ಇನ್ನೊಂದು ತಿಂಗಳು ಕಳೆಯಿತು.

ಆ ಮೇ ತಿಂಗಳ ಭಾನುವಾರ ಮಾತು ಮೂರನೇ ಸಲ ಹೆರಿಂಗ್ ಮೀನಿಗೆ ಬಂದಿತ್ತು.

"ಹೆರಿಂಗ್ ಸಿಹಿಯಾಗಿರಬೇಕು," ಎಂದಳು ಫ್ರೇಡಾ. ಎಂಬತ್ತು ದಾಟಿದ್ದರೂ ಅವಳ ದನಿಗೆ ನಲವತ್ತೇ. "ಕಾಟ್ಜೆಫ್ ಮನೇವ್ರು ಹುಳಿ ಹೆರಿಂಗ್ ಹಾಕ್ಸಿದ್ರು. ಜನ ಇವತ್ತಿಗೂ ಆಡ್ಕೋತಾರೆ."

"ನಮ್ಮೂರಲ್ಲಿ ಹುಳೀನೇ ಅತ್ತೆ," ಎಂದಳು ಮಿನ್ನಾ. "ದೋವ್‌ಗೂ ಹುಳೀನೇ ಇಷ್ಟ."

"ನಿಮ್ಮೂರಲ್ಲಿ ನೀವು ನಾಲ್ಕು ಜನ ಇದ್ರಿ ಕಣಮ್ಮ. ಇಲ್ಲಿ ಇನ್ನೂರು ಜನ ತಿನ್ಬೇಕು."

ಮಿನ್ನಾಳ ಬಲಗಾಲು ಕಾರ್ಪೆಟ್ಟನ್ನು ಒತ್ತಿತು. ಮೇಜು ಮುಂದೆ ಓಡಿತು.

"ಅಮ್ಮ, ಹೆರಿಂಗ್ ಆಮೇಲೆ," ಎಂದ ಮೈದುನ ಬೇಸಿಲ್. ಅವನು ಲೆಕ್ಕಪರಿಶೋಧಕ, ಜೊತೆಗೆ ಸಿನಗಾಗ್ ಕಮಿಟಿಯ ಕಾರ್ಯದರ್ಶಿ. ತನ್ನ ತಪ್ಪನ್ನೂ ಎರಡು ಸಲ ತಾಳೆ ನೋಡಿ ಮಾಡುವವನು. "ಮೊದಲು ನನಗೆ ಥ್ಯಾಂಕ್ಸ್ ಹೇಳಿ. ಎರಡು ವರ್ಷದ ಹಿಂದೆ ನಾನು ತಾರೀಖು ಹಿಡೀದೇ ಇದ್ದಿದ್ರೆ ಈ ಹಾಲ್ ಸಿಗ್ತಿತ್ತಾ? ಈಗೆಲ್ಲ ಕಂಪ್ಯೂಟರೇ ಮಾಡುತ್ತೆ. ಇಂಗ್ಲಿಷ್ ತಾರೀಖು ಕೊಟ್ರೆ ಹೀಬ್ರೂ ತಾರೀಖು ಹೇಳುತ್ತೆ. ಒಂದೇ ಒಂದು ಪ್ರಶ್ನೆ ಕೇಳ್ತು, ಮಗು ಹುಟ್ಟಿದ್ದು ಸೂರ್ಯ ಮುಳುಗೋ ಮುಂಚೆನೋ ಆಮೇಲೋ ಅಂತ. ಮುಂಚೆ ಅಂತ ಒತ್ತಿದೆ, ಮುಗೀತು."

ಮಿನ್ನಾ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟಳು.

"ಯಾರನ್ನ ಕೇಳಿ ಒತ್ತಿದೆ?"

"ಕೇಳೋದೇನಿದೆ? ಬಿಸಿಲಿನ ಕತೆ ಊರಿಗೇ ಗೊತ್ತಲ್ಲ."

"ಅವನು ಹುಟ್ಟಿದ್ದು ರಾತ್ರಿ," ಎಂದಳು ಮಿನ್ನಾ.

ನಮ್ಮಲ್ಲಿ ದಿನ ಹುಟ್ಟುವುದು ಸೂರ್ಯ ಮುಳುಗಿದ ಮೇಲೆ. ಬುಧವಾರ ಕತ್ತಲಾದ ಮೇಲೆ ಹುಟ್ಟಿದ ಕೂಸು ಗುರುವಾರದ್ದು. ಬೇಸಿಲ್ಲನ ಲೆಕ್ಕದಲ್ಲಿ ದೋವ್‌ನ ಹುಟ್ಟುಹಬ್ಬ ಈ ವರ್ಷ ಸರಿಯಾಗಿ ಸಬ್ಬತ್ ದಿನ, ಶನಿವಾರವೇ ಬಿದ್ದಿತ್ತು. ಮಿನ್ನಾಳ ಲೆಕ್ಕದಲ್ಲಿ ಅದು ಭಾನುವಾರ. ಅಂದರೆ ಶನಿವಾರ ಬೆಳಿಗ್ಗೆ ತೋರಾದ ಮುಂದೆ ನಿಂತು ಓದುವವನು ಹನ್ನೆರಡು ವರ್ಷದ ಹುಡುಗ. ಅವನ ಓದು ಯಾವ ಲೆಕ್ಕಕ್ಕೂ ಇಲ್ಲ. ಒಂದೂವರೆ ವರ್ಷ ಗಂಟಲು ಹರಿದುಕೊಂಡು ಕಲಿತದ್ದನ್ನು ಅವನು ಗಂಡಸಾಗದೆಯೇ ಒಪ್ಪಿಸಿ ಕೆಳಗಿಳಿಯುತ್ತಾನೆ.

"ಏನಮ್ಮ ನೀನು!" ಫ್ರೇಡಾ ನಕ್ಕಳು. "ನಾನೇ ಕಣ್ಣಾರೆ ನೋಡಿದೀನಿ, ಒಳ್ಳೇ ಹಗಲಲ್ಲಿ."

"ಅದು ಮಾರನೇ ದಿನ ಬೆಳಿಗ್ಗೆ, ಅತ್ತೆ. ಕೋಳಿ ಸಾರು ತಂದಿದ್ರಿ. ತಣ್ಣಗಿತ್ತು."

"ಸುನ್ನತಿ ಯಾವತ್ತು ಮಾಡಿದ್ದು? ಎಂಟನೇ ದಿನ ತಾನೆ? ಅದರಿಂದ ಹಿಂದಕ್ಕೆ ಎಣಿಸಿದ್ರಾಯ್ತು," ಎಂದ ಬೇಸಿಲ್.

"ಕಾಮಾಲೆ ಆಗಿ ಕೂಸು ಹಳದಿ ತಿರುಗಿತ್ತಲ್ಲ, ಡಾಕ್ಟ್ರು ಮುಂದಕ್ಕೆ ಹಾಕ್ಸಿದ್ರು. ಮರೆತ್ಯಾ?"

"ಹಾಗಾದ್ರೆ ಸೆಲ್ವಿನ್ನೇ ಹೇಳಲಿ. ಅಲ್ಲಿದ್ದವನು ಅವನು."

ಎಲ್ಲರೂ ಸೆಲ್ವಿನ್ನನ ಕಡೆ ತಿರುಗಿದರು. ಅವನು ಮೇಜಿನ ಮೇಲಿದ್ದ ಸಕ್ಕರೆ ಬಿಸ್ಕತ್ತಿನ ತಟ್ಟೆಯಲ್ಲಿ ಏನೋ ಮಹತ್ವದ್ದನ್ನು ಕಂಡವನಂತೆ ಬಗ್ಗಿದ.

"ಬಿಸಿಲಿತ್ತು ಅಂತ ನೆನಪು," ಎಂದ.

ಆ ಬಿಸಿಲಿನ ಕತೆಯನ್ನು ದೋವ್‌ನ ಪ್ರತಿ ಹುಟ್ಟುಹಬ್ಬದಲ್ಲೂ ಸೆಲ್ವಿನ್ ಹೇಳುತ್ತ ಬಂದಿದ್ದ. ಆಸ್ಪತ್ರೆಯ ಕಿಟಕಿಯಿಂದ ಚಳಿಗಾಲದ ಬಿಸಿಲು ಬರುತ್ತಿತ್ತು, ನಾನು ಮಿನ್ನಾಳ ಕೈ ಹಿಡಿದು ನಿಂತಿದ್ದೆ, ಮಗುವಿನ ತಲೆ ಮೇಲೆ ಮೊದಲು ಬಿದ್ದದ್ದು ನನ್ನ ಕಣ್ಣು, ಆಮೇಲೆ ಸೂರ್ಯನದು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಿಜ ಏನೆಂದರೆ, ಆ ಮಧ್ಯಾಹ್ನ ನರ್ಸು ಸೂಜಿ ತೆಗೆದದ್ದನ್ನು ಕಂಡು ಸೆಲ್ವಿನ್ ಬಿದ್ದಿದ್ದ. ಔಷಧಿ ಮಾರುವವನು, ಸೂಜಿ ಕಂಡರೆ ಆಗದು. ಬೀಳುವಾಗ ಮಂಚದ ಕಂಬಿ ಹಣೆಗೆ ಬಡಿಯಿತು. ಅವನನ್ನು ಕೆಳಗಿನ ಮಹಡಿಗೆ ಸಾಗಿಸಿ, ಹೊಲಿಗೆ ಹಾಕಿ, ನಿದ್ದೆಗೆ ಔಷಧಿ ಕೊಟ್ಟು ಮಲಗಿಸಿದರು. ಸೆಲ್ವಿನ್ ಬಿದ್ದದ್ದು ಹಗಲಲ್ಲಿ, ಮಗು ಬಂದದ್ದು ಕತ್ತಲಲ್ಲಿ. ಅಲ್ಲಿದ್ದೆ ಎಂದು ಹೇಳಬೇಕಾದರೆ ಅವನಿಗೆ ಹೆರಿಗೆಯನ್ನು ಹಗಲಿಗೆ ಎಳೆಯದೆ ಬೇರೆ ದಾರಿಯಿರಲಿಲ್ಲ.

ಮೊದಲ ಸಲ ಅವನು ಆ ಕತೆ ಹೇಳಿದಾಗ ಮಿನ್ನಾ ನಕ್ಕು ಸುಮ್ಮನಿದ್ದಳು. ಪಾಪ, ತಮ್ಮನ ಮುಂದೆ ಮರ್ಯಾದೆ ಉಳಿಸಿಕೊಳ್ಳಲಿ ಎಂದು. ಎರಡನೇ ಸಲ ಕರುಣೆಯಿಂದ. ಆಮೇಲೆ ರೂಢಿಯಿಂದ. ತಾರೀಖು ಹಿಡಿಯುವಾಗಲಾದರೂ ಬೇಸಿಲ್‌ಗೆ ಒಬ್ಬನೇ ಇದ್ದಾಗ ನಿಜ ಹೇಳಿರುತ್ತಾನೆ, ಸುಳ್ಳು ಪಾರ್ಟಿಗೆ, ನಿಜ ಪಂಚಾಂಗಕ್ಕೆ, ಎಂದು ನಂಬಿಕೊಂಡಿದ್ದಳು. ಈಗ ಗೊತ್ತಾಯಿತು. ಇವರು ಹೆರಿಂಗ್ ಬಗ್ಗೆ ಮೂರು ಭಾನುವಾರ ಮಾತಾಡಿದ್ದಾರೆ. ಹೆರಿಗೆ ಬಗ್ಗೆ ಹೆತ್ತವಳನ್ನು ಒಂದು ಮಾತು ಕೇಳಿಲ್ಲ.

ಮನೆಗೆ ಮರಳುವಾಗ ಸೆಲ್ವಿನ್ ಓಡಿಸುತ್ತಿದ್ದ. ಎಲ್ ಬೋರ್ಡಿನ ಅದೇ ಕಾರು. ದೋವ್ ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದ.

"ನಾಳೆ ಬೇಸಿಲ್‌ಗೆ ಫೋನ್ ಮಾಡಿ ಹೇಳು," ಎಂದಳು ಮಿನ್ನಾ.

"ಏನಂತ? ಸೂಜಿ ನೋಡಿ ಬಿದ್ದೆ ಅಂತಾನಾ? ಸಾಯೋವರೆಗೂ ಆಡ್ಕೋತಾನೆ ಅವನು. ಸಮಾಧಿ ಕಲ್ಲಿನ ಮೇಲೂ ಕೆತ್ತಿಸ್ತಾನೆ."

"ಕೆತ್ತಿಸಲಿ."

"ಒಂದು ದಿನದ ವ್ಯತ್ಯಾಸ, ಮಿನ್ನಾ. ಯಾರಿಗೆ ಗೊತ್ತಾಗುತ್ತೆ?"

ಮಿನ್ನಾ ತನ್ನ ಬ್ರೇಕು ತುಳಿದಳು. ನಡುರಸ್ತೆಯಲ್ಲಿ ಕಾರು ಗಕ್ಕನೆ ನಿಂತಿತು. ಹಿಂದಿದ್ದ ಮಿನಿಬಸ್ ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹಾಕಿ ಅವರ ಮೂರು ತಲೆಮಾರನ್ನು ಸ್ಮರಿಸಿದ.

"ನನಗೆ ಗೊತ್ತು," ಎಂದಳು ಅವಳು. "ಹಗಲೆಲ್ಲ ನೋವು ತಿಂದೋಳು ನಾನು. ನೀನು ಕೆಳಗೆ ಗೊರಕೆ ಹೊಡೀತಿದ್ದೆ. ನನ್ನ ನೋವನ್ನ ತಗೊಂಡು ನಿನ್ನ ಕತೆ ಮಾಡ್ಕೊಂಡೆ, ಹಾಳಾಗಿ ಹೋಗಲಿ ಅಂತ ಬಿಟ್ಟೆ. ಈಗ ನನ್ನ ಮಗನ ದಿನಾನೂ ನಿನ್ನ ಕತೆಗೆ ಕೊಡ್ಬೇಕಾ?"

ಹಿಂದಿನ ಸೀಟಿನಲ್ಲಿ ದೋವ್‌ನ ಕಿವಿಯಲ್ಲಿ ಹಾಡು ಯಾವಾಗಲೋ ನಿಂತಿತ್ತು.

"ಅಂದ್ರೆ ನಾನು ಅವತ್ತು ಹನ್ನೆರಡೇನಾ?" ಎಂದ.

ಹಿಂದಿನ ಟ್ಯಾಕ್ಸಿಯವನು ಮಾತ್ರ ಇನ್ನೂ ಮಾತಾಡುತ್ತಲೇ ಇದ್ದ.

ಮಾರನೇ ದಿನ ಎರಡು ಪಾಠಗಳ ನಡುವೆ ಮಿನ್ನಾ ಸಿನಗಾಗಿಗೆ ಹೋಗಿ ಅಲ್ಲಿನ ಗುರುಗಳಾದ ರಬ್ಬಿ ಹೆಶ್ ಅವರ ಮುಂದೆ ಕೂತಳು. ರಬ್ಬಿಗೆ ಮೂವತ್ತೈದು ದಾಟಿರಲಿಲ್ಲ. ಗಡ್ಡ ಮಾತ್ರ ಹಿರಿಯರದು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಾಗ ಅವರಿಗೆ ಕಲಿಸಿದವಳು ಇವಳೇ. ಹಾಗಾಗಿ ಇವಳೆದುರು ಕೂತರೆ ಅವರ ಕೈ ಇವತ್ತಿಗೂ ಕನ್ನಡಿ ಸರಿಮಾಡಲು ಹೋಗುತ್ತದೆ. ಎಲ್ಲ ಕೇಳಿ ಅವರು ನಿಟ್ಟುಸಿರು ಬಿಟ್ಟರು.

"ನಿಮ್ಮ ಮಾತು ನಂಬ್ತೀನಿ ಮಿನ್ನಾ ಅವರೇ. ಆದರೆ ನಿಮ್ಮ ಯಜಮಾನರು ಪ್ರತಿ ವರ್ಷ ಇಡೀ ಸಭೆ ಮುಂದೆ ಬಿಸಿಲು ಬಿಸಿಲು ಅಂದಿದಾರೆ. ತಂದೆ ಒಂದು, ತಾಯಿ ಒಂದು ಹೇಳಿದ್ರೆ ನಾನು ಯಾರ ಕಡೆ ನಿಲ್ಲಲಿ? ಅವರು ಬಂದು ಕತ್ತಲಾಗಿತ್ತು ಅಂದ್ರೆ ಸಾಕು."

"ರಬ್ಬಿ, ಮಗು ಹುಟ್ಟುವಾಗ ನಾನು ಅಲ್ಲಿದ್ದೆ. ಅದರಲ್ಲಿ ಅನುಮಾನ ಇಲ್ವಲ್ಲ? ಅನುಮಾನ ಇರೋದು ಅವರ ಬಗ್ಗೆ. ಇಲ್ಲದೋರು ಬಂದು ಸಾಕ್ಷಿ ಹೇಳ್ಬೇಕು, ಇದ್ದೋಳು ಬಾಯಿ ಮುಚ್ಕೊಂಡಿರ್ಬೇಕಾ?"

ರಬ್ಬಿ ಗಡ್ಡ ಸವರಿಕೊಂಡರು. "ಸಬ್ಬತ್ ದಿನವೇ ಆಗ್ಬೇಕು ಅಂತೇನಿಲ್ಲ," ಎಂದರು ಮೆತ್ತಗೆ. "ಸೋಮವಾರ ಬೆಳಿಗ್ಗೇನೂ ತೋರಾ ಓದ್ತೀವಿ. ಚಿಕ್ಕದು, ಹತ್ತು ಹದಿನೈದು ಜನ ಇರ್ತಾರೆ. ಅಷ್ಟರಲ್ಲಿ ಅವನಿಗೆ ಹದಿಮೂರು ತುಂಬಿರುತ್ತೆ. ಆದ್ರೆ ನಿಮ್ಮ ಅತ್ತೆಯವರು…"

ಅತ್ತೆಯ ಹೆಸರು ಬಂದಾಗ ಇಬ್ಬರೂ ಬಾಗಿಲ ಕಡೆ ನೋಡಿದರು.

ಆ ವಾರವೆಲ್ಲ ಅವಳ ಹತ್ತಿರ ಡ್ರೈವಿಂಗ್ ಕಲಿಯಲು ಬಂದವರು ಪಟ್ಟ ಪಾಡು ಅವರಿಗೇ ಗೊತ್ತು. ರೋಬಾಟ್ ಅಂದರೆ ಸಿಗ್ನಲ್ ದೀಪ ಹಳದಿಗೆ ತಿರುಗಿದ್ದು ಕಾಣದ ಒಬ್ಬ ಡೆಂಟಿಸ್ಟಿಗೆ, "ಕಣ್ಣೆದುರು ಆದದ್ದನ್ನೇ ನೋಡಲ್ಲ, ಆಮೇಲೆ ಕತೆ ಹೇಳ್ತೀರಾ?" ಎಂದಳು. ಆತ ಏನೂ ಹೇಳಿರಲಿಲ್ಲ. ಮನೆಯಲ್ಲಿ ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ಮಾತು ಮುಗಿಯುತ್ತಿತ್ತು. ಸೆಲ್ವಿನ್ ಅಂಗಡಿ ಮುಚ್ಚಿದ ಮೇಲೂ ಅಂಗಡಿಯಲ್ಲೇ ಇರತೊಡಗಿದ.

ದೋವ್ ಮಾತ್ರ ಕೋಣೆಯಲ್ಲಿ ಕೂತು ತನ್ನ ಪಾಠ ಹಾಡುತ್ತಿದ್ದ. ಬಾರ್ ಮಿಟ್ಸ್ವಾದ ವಾರಕ್ಕೆ ಗೊತ್ತಾಗಿದ್ದ ತೋರಾದ ಭಾಗದಲ್ಲಿ ಕೋರಹ ಎಂಬವನು ಮೋಶೆಯ ಮೇಲೆ ತಿರುಗಿಬೀಳುತ್ತಾನೆ, ಭೂಮಿ ಬಾಯಿ ತೆರೆದು ಅವನನ್ನು ನುಂಗುತ್ತದೆ. ನುಂಗುವ ಜಾಗಕ್ಕೆ ಬಂದಾಗ ಅವನ ಒಡೆಯುತ್ತಿದ್ದ ದನಿ ಸರಿಯಾಗಿ ಒಡೆಯುತ್ತಿತ್ತು. ಶುಕ್ರವಾರ ಮಧ್ಯಾಹ್ನ ಆ ಜಾಗ ಬರುವ ಮೊದಲೇ ಹಾಡು ನಿಂತಿತು. ದೋವ್ ಅಡುಗೆಮನೆಗೆ ಬಂದ. ಸೆಲ್ವಿನ್ ಸಬ್ಬತ್ತಿನ ರೊಟ್ಟಿ ಮೇಜಿಗಿಡುತ್ತಿದ್ದ.

"ಅಪ್ಪ, ನಾನು ಹುಟ್ಟಿದಾಗ ನೀನು ಇದ್ಯಾ?"

"ಇದ್ದೆ ಕಣೋ. ಆಸ್ಪತ್ರೇಲೇ ಇದ್ದೆ."

"ಆಸ್ಪತ್ರೇಲಿ ಎಲ್ಲಿ?"

ರೊಟ್ಟಿಯ ಮೇಲೆ ಮುಚ್ಚುವ ಬಟ್ಟೆ ಸೆಲ್ವಿನ್ನನ ಕೈಯಲ್ಲೇ ಉಳಿಯಿತು. ಒಲೆಯ ಮುಂದೆ ನಿಂತಿದ್ದ ಮಿನ್ನಾ ತಿರುಗಲಿಲ್ಲ, ಸಹಾಯಕ್ಕೂ ಬರಲಿಲ್ಲ. ಇಷ್ಟು ವರ್ಷ ಇಂಥ ಪ್ರಶ್ನೆಗೆ ಅವಳೇ ಅಡ್ಡ ನಿಂತು ಉತ್ತರಿಸುತ್ತಿದ್ದಳು.

"ಕೆಳಗಡೆ," ಎಂದ ಸೆಲ್ವಿನ್.

"ಕೆಳಗಡೆ ಏನ್ಮಾಡ್ತಿದ್ದೆ?"

"ಮಲಗಿದ್ದೆ."

ದೋವ್ ನಗಲಿಲ್ಲ. ನಕ್ಕಿದ್ದರೆ ಸೆಲ್ವಿನ್ ಬಚಾವಾಗುತ್ತಿದ್ದ.

"ಅಲ್ಲಿ ನಿಂತು ಸುಳ್ಳು ಹದಿಮೂರು ನಾನು ಹೇಳಲ್ಲ," ಎಂದು ಹುಡುಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಸಂಜೆ ಕೋರಹನನ್ನು ಭೂಮಿ ನುಂಗಲಿಲ್ಲ.

ಭಾನುವಾರ ಮತ್ತೆ ಅದೇ ಮೇಜು. ಬೇಸಿಲ್ ಬಾಯಿ ತೆರೆದ. "ಈಗ ಮೇಜು ಬಟ್ಟೆಯ ಬಣ್ಣ…"

"ನಿಲ್ಸು," ಎಂದಳು ಮಿನ್ನಾ.

ಅವನು ನಿಂತ. ಆ ಮನೆಯಲ್ಲಿ ಅವಳ ಬ್ರೇಕು ಹಿಡಿದದ್ದು ಅದೇ ಮೊದಲು.

ಸೆಲ್ವಿನ್ ಎದ್ದು ನಿಂತ. ಭಾಷಣಕ್ಕೆ ನಿಲ್ಲುವ ಹಾಗೆಯೇ ನಿಂತ. ಆದರೆ ಈ ಭಾಷಣ ಮೂರೇ ಸಾಲಿನದು. "ಸೂಜಿ ನೋಡಿ ಬಿದ್ದೆ. ಮಗು ಹುಟ್ಟಿದಾಗ ಕೆಳಗೆ ಮಲಗಿದ್ದೆ. ಎದ್ದಾಗ ಕತ್ತಲಾಗಿತ್ತು."

ಬೇಸಿಲ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನ ಮುಖದಲ್ಲಿ ಮೂಡುತ್ತಿದ್ದ ನಗುವನ್ನು ಫ್ರೇಡಾ ಒಂದು ನೋಟದಲ್ಲಿ ಆರಿಸಿದಳು.

"ಬಿದ್ದದ್ದು ನನಗೆ ಗೊತ್ತಿತ್ತು," ಎಂದಳು. "ಹಣೆ ಮೇಲೆ ಹೊಲಿಗೆ ಹಾಕಿಸ್ಕೊಂಡು ಕಾರಿನ ಬಾಗಿಲು ತಾಗ್ತು ಅಂದ. ಇವನನ್ನ ಹೆತ್ತೋಳು ನಾನು. ಚಿಕ್ಕೋನಿದ್ದಾಗ ಲಸಿಕೆ ಹಾಕ್ಸೋಕೆ ಹೋದಾಗ್ಲೂ ಹೀಗೇ ಬಿದ್ದಿದ್ದ."

ಮಿನ್ನಾ ಅತ್ತೆಯ ಕಡೆ ತಿರುಗಿದಳು.

"ಗೊತ್ತಿತ್ತಾ? ಗೊತ್ತಿದ್ದೂ ಪ್ರತಿ ವರ್ಷ ಚಪ್ಪಾಳೆ ಹೊಡೆದ್ರಾ? ಹೋದ ಭಾನುವಾರ ನನ್ನ ಮುಖ ನೋಡಿ ನಕ್ಕಿರಲ್ಲ ಅತ್ತೆ!"

"ಅವನು ಬಿದ್ದದ್ದು ಗೊತ್ತಿತ್ತು. ನೀನು ಹೆತ್ತದ್ದು ಯಾವಾಗ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಒಂದು ದಿನ ಬಾಯಿ ಬಿಟ್ಟು ಹೇಳಿದ್ಯಾ?"

"ಒಂದು ದಿನ ಯಾರಾದ್ರೂ ಕೇಳಿದ್ರಾ?"

ಉತ್ತರಕ್ಕೆ ಕಾಯದೆ ಮಿನ್ನಾ ಶುರುಮಾಡಿದಳು. ಕೂತೇ ಹೇಳಿದಳು, ಮೇಜಿನ ಮೇಲೆ ಎರಡೂ ಕೈ ಊರಿ. ಬೆಳಗಿನಿಂದ ನೋವು ಬಂದದ್ದು. ಸಂಜೆ ಹಡಿಡಾ ಹಕ್ಕಿಗಳು ಆಸ್ಪತ್ರೆಯ ಸೂರಿನ ಮೇಲೆ ಹಾದು ಗೂಡಿಗೆ ಹೋಗುತ್ತ ಕಿರುಚಿದ್ದು, ಅವು ಕಿರುಚುತ್ತಿವೆಯೋ ತಾನೋ ಎಂದು ತಿಳಿಯದೇ ಹೋದದ್ದು. ಹಕ್ಕಿಗಳು ಸುಮ್ಮನಾದದ್ದು. ಹಗಲು ಪಾಳಿಯ ನರ್ಸು ಕೋಟು ಹಾಕಿಕೊಂಡು, "ನಾಳೆ ಸಿಗೋಣಮ್ಮ," ಎಂದು ಹೊರಟೇಹೋದದ್ದು. ಅವಳು ಹೋಗುವುದನ್ನು ಕಂಡು ತಾನು ಅತ್ತದ್ದು. ಆಮೇಲೆ ರಾತ್ರಿ ಪಾಳಿಗೆ ಸಿಸ್ಟರ್ ದುಡುಜಿಲೆ ಬಂದದ್ದು. ಹೊರಗಿನ ಚಳಿಗೆ ಅವಳ ಕೈ ಮಂಜುಗಡ್ಡೆಯಾಗಿದ್ದದ್ದು, ಆ ಕೈಯನ್ನು ಮೊದಲು ಕಂಕುಳಲ್ಲಿಟ್ಟು ಕಾಯಿಸಿಕೊಂಡು ಆಮೇಲೆ ಮಗುವನ್ನು ಹಿಡಿದದ್ದು.

"ಹಿಡ್ಕೊಂಡು ಏನಂದ್ಲು ಗೊತ್ತಾ? 'ಬಂದ್ಯಾ ಯಜಮಾನ? ಇಷ್ಟು ಕತ್ತಲಲ್ಲಿ ದಾರಿ ಹೇಗೆ ಸಿಕ್ತೋ ನಿಂಗೆ?' ನನ್ನ ಮಗನಿಗೆ ಈ ಲೋಕ ಆಡಿದ ಮೊದಲ ಮಾತು ಅದು. ಬಿಸಿಲಂತೆ ಬಿಸಿಲು!"

ಮೇಜಿನ ಸುತ್ತ ಯಾರ ಕೈಯೂ ಬಿಸ್ಕತ್ತಿಗೆ ಹೋಗಲಿಲ್ಲ. ದೋವ್ ಬಾಗಿಲಿಗೆ ಒರಗಿ ನಿಂತಿದ್ದ. ತಾನು ಹುಟ್ಟಿದ ಕತೆಯನ್ನು ಅವನೂ ಮೊದಲ ಸಲ ಕೇಳುತ್ತಿದ್ದ.

ಬೇಸಿಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಆದ್ರೆ ಕಾರ್ಡು ಹೋಗಿದೆ. ಹಾಲ್ ಆ ಶನಿವಾರ ರಾತ್ರಿಗೇ ಸಿಕ್ಕಿರೋದು. ಮುಂದಿನ ವಾರಕ್ಕೆ ಯಾವ ಹಾಲೂ ಇಲ್ಲ."

"ಹಾಲ್ ಅಲ್ಲೇ ಇರಲಿ," ಎಂದಳು ಮಿನ್ನಾ. "ಲೆಕ್ಕದವನು ಲೆಕ್ಕ ಮಾಡು. ಶನಿವಾರ ಬೆಳಿಗ್ಗೆ ಅವನಿಗೆ ಹನ್ನೆರಡು. ರಾತ್ರಿ?"

ಬೇಸಿಲ್ ಲೆಕ್ಕ ಹಾಕಿದ. ಅವನ ತುಟಿ ಅಲುಗಿತು. ಶನಿವಾರ ಕತ್ತಲಾದ ಮೇಲೆ ನಮ್ಮ ಲೆಕ್ಕದಲ್ಲಿ ಭಾನುವಾರ. ನಕ್ಷತ್ರ ಕಂಡ ಮೇಲೆ ತಾನೆ ಪಾರ್ಟಿ?

"ಹದಿಮೂರು," ಎಂದ.

"ಪಾರ್ಟಿ ಸರಿಯಾಗೇ ಇದೆ. ತಪ್ಪಿರೋದು ಬೆಳಗಿಂದು. ಅದು ರದ್ದು. ಸೋಮವಾರ ಬೆಳಿಗ್ಗೆ ಅವನು ಓದ್ತಾನೆ. ಎಷ್ಟು ಜನ ಬರ್ತಾರೋ ಬರಲಿ."

"ಸೋಮವಾರದ್ದು ಬೇರೆ ಭಾಗ," ಎಂದ ದೋವ್ ಬಾಗಿಲಿನಿಂದ. "ಮುಂದಿನ ಸಬ್ಬತ್ತಿನ ಭಾಗದ ಶುರು. ಚಿಕ್ಕದೇ. ಕಲೀತೀನಿ." ಆಮೇಲೆ ಗೊಣಗಿದ, "ಕೋರಹನ್ನ ಸುಮ್ನೆ ಕಲ್ತೆ."

"ಸೋಮವಾರ!" ಫ್ರೇಡಾಳ ದನಿ ಮತ್ತೆ ನಲವತ್ತಕ್ಕೆ ಏರಿತು. "ನನ್ನ ಹೊಸ ಟೋಪಿ ಹಾಕ್ಕೊಂಡು ಸೋಮವಾರ ಏಳು ಗಂಟೆಗೆ ಹತ್ತು ಜನ ಮುದುಕರ ಮುಂದೆ ಕೂರ್ಲಾ? ಶನಿವಾರ ಬೆಳಿಗ್ಗೆ ಬರೋ ಇನ್ನೂರು ಜನಕ್ಕೆ ಏನ್ ಹೇಳೋದು?"

"ಬೇಸಿಲ್ ಹೇಳ್ತಾನೆ. ಒಬ್ಬೊಬ್ಬರಿಗೂ ಫೋನ್ ಮಾಡಿ."

"ನಾನಾ? ಯಾಕೆ ಅಂತ ಕೇಳಿದ್ರೆ?"

"ಹೆತ್ತವಳನ್ನ ಕೇಳ್ದೆ ಗುಂಡಿ ಒತ್ತಿದೆ ಅನ್ನು."

ಬೇಸಿಲ್ ಅಮ್ಮನ ಮುಖ ನೋಡಿದ. ಅಮ್ಮ ಕಿಟಕಿ ನೋಡುತ್ತಿದ್ದಳು.

"ಮತ್ತೆ ಭಾಷಣ?" ಎಂದಳು ಫ್ರೇಡಾ ಕೊನೆಗೆ, ಕೊಂಚ ಕುಗ್ಗಿದ ದನಿಯಲ್ಲಿ. "ಬಿಸಿಲಿನ ಕತೆ ಇಲ್ದೆ ಸೆಲ್ವಿನ್ ಏನ್ ಮಾತಾಡ್ತಾನೆ?"

"ಏನೂ ಮಾತಾಡಲ್ಲ. ನಾನು ಮಾತಾಡ್ತೀನಿ."

"ನನ್ನ ಬಗ್ಗೆ ಹೇಳ್ತೀಯಾ?" ಎಂದ ಸೆಲ್ವಿನ್. ಹಣೆಯ ಹಳೇ ಗಾಯವನ್ನು ಕೈ ತಾನಾಗಿ ಮುಟ್ಟಿಕೊಂಡಿತು.

ಮಿನ್ನಾ ಅವನನ್ನು ನೋಡಿದಳು. ಸಿಟ್ಟು ಇಳಿದಿತ್ತೇ ಎಂದರೆ ಇಲ್ಲ. ಅದು ಇಳಿಯಲು ಇನ್ನೂ ಬಹಳ ದಿನ ಬೇಕಿತ್ತು, ಅಷ್ಟು ದಿನ ಹೊತ್ತುಕೊಳ್ಳುವ ಶಕ್ತಿಯೂ ಅವಳಿಗಿತ್ತು. "ನಿನ್ನ ಬಗ್ಗೆ ಯಾಕೆ ಹೇಳ್ಲಿ?" ಎಂದಳು. "ನೀನು ಅಲ್ಲಿ ಇರಲೇ ಇಲ್ವಲ್ಲ."

ಬಾಗಿಲಲ್ಲಿದ್ದ ದೋವ್ ಆಗ ನಕ್ಕ. ಒಡೆದ ದನಿಯ ನಗು, ಅರ್ಧ ಮಗುವಿನದು, ಅರ್ಧ ಯಾರೋ ಗಂಡಸಿನದು.

ಫ್ರೇಡಾ ತಣ್ಣಗಾದ ಟೀ ಕುಡಿದು ಮುಗಿಸಿದಳು. ಕನ್ನಡಕ ಏರಿಸಿ, ಅಡುಗೆಯವರಿಗೆ ಹೇಳಬೇಕಾದ್ದನ್ನು ನೆನಪು ಮಾಡಿಕೊಂಡಳು.

"ಹಾಗಾದ್ರೆ ಹೆರಿಂಗ್," ಎಂದಳು, ಸೊಸೆಯ ಮುಖ ನೋಡದೆ. "ಸಿಹಿ ತಾನೆ?"

"ಹುಳಿ," ಎಂದಳು ಮಿನ್ನಾ.